ನಮ್ಮ ಬೀದಿಯ ನೂಲುಗಲ್ಲನ್ನು ಬಂಡಾಯದಿಂದ ಬಿಡಿಸಿಕೊಡುವಂತೆ ಕೋರಿ

ಪಾವಡಿ ಬೀದಿ, ಕೊಯಮತ್ತೂರು
೧೯ ಅಕ್ಟೋಬರ್ ೧೯೮೬

ಶ್ರೀಮಾನ್ ದೇವರಾಜನ್ ಅವರ ಸನ್ನಿಧಿಗೆ,
ನಿವೃತ್ತ ಚರಿತ್ರೆ ಮೇಷ್ಟರು, ‘ಬಂಡಾಯದ ನಡಿಗೆ’ಯ ಮಾರ್ಗದರ್ಶಕರು ಹಾಗೂ ಚರಿತ್ರೆ ಸಮಿತಿಯ ಕಾರ್ಯದರ್ಶಿಗಳು, ಆರ್.ಎಸ್. ಪುರಂ.

ಮಾನ್ಯರೇ,

ತಾಯಿ ಚೌಡೇಶ್ವರಿಯ ದಯದಿಂದ ತಾವೂ, ತಮ್ಮ ಬಿಳಿ ಟೊಪ್ಪಿಗೆಯೂ, ತಮ್ಮ ಕೈಮೈಕೂ, ಅದರ ಹೊಟ್ಟೆಯೊಳಗಿನ ಆರು ಬ್ಯಾಟರಿಗಳೂ ಕ್ಷೇಮವೆಂದು ನಂಬಿ, ಪಾವಡಿ ಬೀದಿಯ ಹದಿನಾಲ್ಕು ಮನೆಗಳ ಪರವಾಗಿ ಕೊನೆಯ ಮನೆಯ ಜಾನಮ್ಮ ಮಾಡುವ ನಮಸ್ಕಾರಗಳು. ನಾನು ಮಗ್ಗದ ಅಂಗಪ್ಪನ್ ಅವರ ಹೆಂಡತಿ. ತಾವು ಶನಿವಾರ ಭಾನುವಾರದ ಬೆಳಿಗ್ಗೆ ನಲವತ್ತು ಜನರನ್ನು ನಡೆಸಿಕೊಂಡು ಬಂದು ಯಾವ ಕಲ್ಲಿಗೆ ಜೈಕಾರ ಹಾಕಿಸುತ್ತೀರೋ, ಆ ಕಲ್ಲಿನ ಎದುರಿನ ಜಗುಲಿಯ ಮೇಲೆ ಮಜ್ಜಿಗೆ ಚೊಂಬು ಹಿಡಿದು ನಿಲ್ಲುತ್ತಿದ್ದವಳು ಎಂದರೆ ತಮಗೆ ಗುರುತು ಸಿಕ್ಕೀತು.

ತಮಗೆ ಕನ್ನಡ ಓದಲು ಬಾರದು ಎಂಬುದು ನನಗೆ ಗೊತ್ತು. ಮನೆಯೊಳಗೆ ನಮ್ಮ ಹಾಗೆ ತಾವೂ ಕನ್ನಡವನ್ನೇ ಆಡುವವರಾದರೂ ಅಕ್ಷರ ಕಲಿತದ್ದೆಲ್ಲ ತಮಿಳಿನಲ್ಲಿ. ಈ ಊರಿನಲ್ಲಿ ಅದು ಯಾರ ತಪ್ಪೂ ಅಲ್ಲ. ಗೊತ್ತಿದ್ದೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ತಮಿಳಿನಲ್ಲಿ ಬರೆಸಿದ ಐದು ಅರ್ಜಿಗಳನ್ನು ತಾವು ಯಾರ ಹಂಗೂ ಇಲ್ಲದೆ ಒಬ್ಬರೇ ಓದಿಕೊಂಡು, ಮಡಚಿ ಬೀರುವಿನಲ್ಲಿಟ್ಟಿರಿ. ಈ ಆರನೆಯದನ್ನು ಓದಿಸಿಕೊಳ್ಳಬೇಕಾದರೆ ಯಾರನ್ನಾದರೂ ಕರೆಯಲೇಬೇಕಾಗುತ್ತದೆ. ತಾಳವಾಡಿ ಕಡೆಯ ಹಳ್ಳಿ ಶಾಲೆಯಲ್ಲಿ ಐದನೇ ತರಗತಿವರೆಗೆ ಕನ್ನಡ ಓದಿ, ಮದುವೆಯಾಗಿ ಈ ಊರಿಗೆ ಬಂದವಳು ನಮ್ಮ ಸುತ್ತಿನಲ್ಲಿ ನಾನೊಬ್ಬಳೇ ಆದ್ದರಿಂದ, ತಾವು ಕೊನೆಗೆ ಈ ಕಾಗದ ಹಿಡಿದುಕೊಂಡು ನನ್ನ ಜಗುಲಿಗೇ ಬರಬೇಕು, ನಾನು ಜೋರಾಗಿ ಓದಬೇಕು, ಬೀದಿಯೆಲ್ಲ ಕೇಳಿಸಿಕೊಳ್ಳಬೇಕು. ಬಹಿರಂಗ ಪತ್ರವೆಂದರೆ ಇದಕ್ಕಿಂತ ಬಹಿರಂಗವಾಗಿ ಬರೆಯುವುದು ನನಗೆ ತಿಳಿಯದು.

ಮೊದಲಿಗೆ ತಮ್ಮ ನಡಿಗೆಯ ಗುಣಗಾನ ಮಾಡದಿದ್ದರೆ ನಾಲಿಗೆಗೆ ದೋಷ ತಟ್ಟೀತು. ಮೂರು ತಲೆಮಾರಿನಿಂದ ಇಲ್ಲಿ ಉಂಡು ಮಲಗುತ್ತಿರುವ ನಮಗೆ, ನಮ್ಮ ಚಾಪೆಯ ಕೆಳಗೆ ಇಷ್ಟೊಂದು ಬಂಡಾಯವಿದೆ ಎಂಬುದು ತಾವು ಹೇಳುವವರೆಗೆ ಗೊತ್ತೇ ಇರಲಿಲ್ಲ. ಎರಡು ಗಂಟೆ ಹೊತ್ತಿನಲ್ಲಿ ಹನ್ನೊಂದು ತಾಣ ತೋರಿಸುತ್ತೀರಿ. ಇಲ್ಲಿ ಕೋಟೆಯಿತ್ತು ಎಂದು ತಾವು ಬೆತ್ತ ಚಾಚಿದಲ್ಲಿ ಪಾತ್ರೆ ಅಂಗಡಿಯಿದೆ. ಇಲ್ಲಿ ಸೆರೆಮನೆಯಿತ್ತು ಎನ್ನುವಲ್ಲಿ ಪಂಪುಸೆಟ್ಟು ರಿಪೇರಿ ಮಾಡುತ್ತಾರೆ. ಗಿರಣಿ ಕೆಲಸಗಾರರು ಬಾವುಟ ಹಿಡಿದು ಕುಳಿತಿದ್ದ ಮರ ಇಲ್ಲಿತ್ತು ಎನ್ನುವಲ್ಲಿ ಟೌನ್ ಬಸ್ಸು ನಿಂತು ಹೊಗೆ ಬಿಡುತ್ತದೆ. ಹೀಗೆ ಇಲ್ಲದ ಹತ್ತು ವಸ್ತುಗಳನ್ನು ನೋಡಿ ನೋಡಿ ಜನಕ್ಕೆ ಕಾಲು ನೋಯುವ ಹೊತ್ತಿಗೆ, ಕೈಯಲ್ಲಿ ಮುಟ್ಟಬಹುದಾದ ಒಂದಾದರೂ ವಸ್ತು ಬೇಕಿತ್ತು. ಆ ಪುಣ್ಯ ನಮ್ಮ ಮನೆಮುಂದಿನ ಕಲ್ಲಿಗೆ ಬಂತು. ಬಂಡೆದ್ದು ಪ್ರಾಣ ಕೊಟ್ಟವರ ಬಗ್ಗೆ ನನಗೆ ಹಗುರವಾದ ಮಾತಿಲ್ಲ, ಅವರ ಹೆಸರಿನಲ್ಲಿ ಅಮಾವಾಸ್ಯೆಗೊಂದು ದೀಪ ಹಚ್ಚುತ್ತಿದ್ದೇನೆ. ನನ್ನ ಸಣ್ಣ ಬುದ್ಧಿಗೆ ಅನ್ನಿಸುವುದಿಷ್ಟೇ: ಇನ್ನೊಬ್ಬರ ವಸ್ತು ಕಿತ್ತುಕೊಂಡವರ ಮೇಲೆ ಸಿಟ್ಟಾಗಿ ಎದ್ದವರು ಅವರು, ನಮ್ಮ ಕಲ್ಲನ್ನು ತಮಗೆ ಕೊಡಿ ಎಂದು ಅವರಾದರೂ ಕೇಳಿಯಾರೇ?

ಆ ಕಲ್ಲು ಏನೆಂಬುದನ್ನು, ತಾವು ಇದುವರೆಗೆ ಕೇಳದ ಕಾರಣ, ಈಗ ಅರಿಕೆ ಮಾಡುತ್ತೇನೆ. ಸೀರೆ ನೇಯುವ ಮೊದಲು ಅದರ ಉದ್ದದ ಎಳೆಗಳನ್ನೆಲ್ಲ ಒಟ್ಟಾಗಿ ಬೀದಿಯುದ್ದಕ್ಕೂ ಬಿಗಿದು ಕಟ್ಟಿ, ಅಕ್ಕಿ ಗಂಜಿ ಬಳಿದು, ಕುಂಚದಿಂದ ಬಾಚಿ, ಎಳೆಬಿಸಿಲಿನಲ್ಲಿ ಒಣಗಿಸಬೇಕು. ಇದಕ್ಕೆ ಹಾಸು ಹಾಯಿಸುವುದು ಎನ್ನುತ್ತೇವೆ. ಬೀದಿಯ ಆ ತುದಿಗೊಂದು, ಈ ತುದಿಗೊಂದು ಕಲ್ಲು, ನಡುವೆ ನೂಲು ಜಗ್ಗದಂತೆ ಬಿದಿರು ಕೋಲುಗಳು; ಈ ತುದಿಯದು ನಮ್ಮ ಮನೆ ಮುಂದಿನದು. ಮೇಲೆ ಹಗ್ಗ ತೂರಿಸಲು ತೂತು. ತೂತಿನ ಅಂಚಿನಲ್ಲಿ ಹಗ್ಗ ಉಜ್ಜಿ ಉಜ್ಜಿ ಬಿದ್ದ ಕಚ್ಚು. ಹಾಸು ಕಟ್ಟುವ ಮುಂಚೆ ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ ಒಂದು ಹೂವಿಟ್ಟು ಕೈಮುಗಿಯುವುದು ನಮ್ಮ ಪದ್ಧತಿ. ಲಾಳಿಗೂ ಹಾಗೆಯೇ ಮಾಡುತ್ತೇವೆ, ಗಂಜಿ ಕಾಯಿಸುವ ಒಲೆಗೂ ಮಾಡುತ್ತೇವೆ. ತಾವು ಮೊದಲ ದಿನ ಬಂದವರು ತೂತು ನೋಡಿದಿರಿ, ಕಚ್ಚು ನೋಡಿದಿರಿ, ಕುಂಕುಮ ನೋಡಿದಿರಿ, ಅಲ್ಲೇ ಟೊಪ್ಪಿಗೆ ತೆಗೆದು, ಇದು ಬಿಳಿಯರು ಬಂಡಾಯಗಾರರನ್ನು ನೇಣು ಹಾಕಿದ ಕಲ್ಲು ಎಂದು ಮೈಕಿನಲ್ಲಿ ಸಾರಿದಿರಿ. ಕಲ್ಲು ನನ್ನ ಸೊಂಟದಷ್ಟು ಎತ್ತರವಿದೆ. ಅದಕ್ಕೆ ನೇಣು ಹಾಕಿಸಿಕೊಳ್ಳಬೇಕಾದರೆ ಬಂಡಾಯಗಾರನು ಕುಕ್ಕರಗಾಲಿನಲ್ಲಿ ಕುಳಿತು ಬಹಳ ಸಹಕಾರ ಕೊಟ್ಟಿರಬೇಕು. ಮುಂದಿನ ವಾರ ತಾವೇ ಅದನ್ನು ಗಮನಿಸಿ, ನೇಣನ್ನು ಚಾವಟಿಯೇಟಿಗೆ ಇಳಿಸಿದ್ದು ತಮ್ಮ ದೊಡ್ಡ ಮನಸ್ಸು.

ಇದರಲ್ಲಿ ನಮ್ಮ ಕಡೆಯ ತಪ್ಪೂ ಇದೆ, ಮುಚ್ಚಿಡುವುದಿಲ್ಲ. ತಾವು ಆ ದಿನ ಜಗುಲಿಯಲ್ಲಿ ಕುಳಿತಿದ್ದ ನಮ್ಮ ಅತ್ತೆಯವರನ್ನು, ಎಂಬತ್ತೆರಡು ವರ್ಷದ ಕಾಮಾಕ್ಷಿಯಮ್ಮನವರನ್ನು, ತಮಿಳಿನಲ್ಲಿ ಅಜ್ಜಿ ಎಂದು ಕರೆದು, “ಪಾಟಿ, ಇದು ವೀರರ ಕಲ್ಲು ತಾನೇ?” ಎಂದು ಕೇಳಿದಿರಿ. ಅವರು ಎದ್ದು ನಿಂತು ಸೆರಗು ಹೊದ್ದು, “ಆಮಾಂಗ ಸಾಮಿ” ಎಂದರು. ಕೊಯಮತ್ತೂರು ಸುತ್ತಿನ ಈ ಕೊಂಗುನಾಡಿನಲ್ಲಿ ಮನೆಬಾಗಿಲಿಗೆ ಬಂದ ದೊಡ್ಡ ಮನುಷ್ಯ ಏನು ಕೇಳಿದರೂ ಹೌದು ಎನ್ನುವುದಕ್ಕೆ ಗೌರವ ಬೆರೆಸಿ ಹೇಳುವ ಮಾತು ಅದು. ನಮ್ಮ ಅತ್ತೆ ಆ ಮಾತನ್ನು ಬಳೆಗಾರನಿಗೂ ಹೇಳುತ್ತಾರೆ, ಓಟು ಕೇಳಲು ಬಂದ ಎಲ್ಲ ಪಕ್ಷದವರಿಗೂ ಹೇಳುತ್ತಾರೆ. ಇಲ್ಲ ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ಮೂವತ್ತೆರಡು ವರ್ಷ ಸೊಸೆಯಾಗಿ ನಾನು ಕೇಳಿದವಳಲ್ಲ. ತಾವು ಅದನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡು, ಮರುವಾರದಿಂದ ‘ಕಣ್ಣಾರೆ ಕಂಡವರ ಸಾಕ್ಷಿ’ ಎಂದು ಓದತೊಡಗಿದಿರಿ.

ನಮಗೂ ಮೊದಮೊದಲು ಹಿತವಾಗಿಯೇ ಇತ್ತು. ನಾನು ಮಜ್ಜಿಗೆಗೆ ಕರಿಬೇವು ಶುಂಠಿ ಜಜ್ಜಿ ಹಾಕಿ ಎರಡು ಚೊಂಬು ಮಾಡಿಡುತ್ತಿದ್ದೆ. ನಮ್ಮ ಮನೆಯವರು ಮೀಸೆಗೆ ಎಣ್ಣೆ ಸವರಿ, ವೀರರ ಮೊಮ್ಮಗನ ಹಾಗೆ ಕಲ್ಲಿನ ಪಕ್ಕದಲ್ಲಿ ಎದೆಯುಬ್ಬಿಸಿ ನಿಂತು ಫೋಟೋ ತೆಗೆಸಿಕೊಂಡರು. ಎದುರುಮನೆ ಪಳನಿಯಮ್ಮ ಅಂತೂ, “ಏನ್ ಜಾನಕ್ಕ, ಸುದಂತ್ರದ ಪೆನ್ಶನು ಅಂಗಪ್ಪಣ್ಣಂಗೆ ಬರುತ್ತೋ, ಕಲ್ಲಿಗೇ ಬರುತ್ತೋ?” ಎಂದು ನಾಲ್ಕು ಮನೆಗೆ ಕೇಳುವ ಹಾಗೆ ಕೂಗಿದಳು. ಆ ಸುಖ ಆಡಿಯವರೆಗೆ, ಎಂದರೆ ಆಷಾಢದವರೆಗೆ. ಆಮೇಲೆ ತಮ್ಮ ಸಮಿತಿಯ ಅಪ್ಪಣೆ ಹಿಡಿದು ವೆಲ್ಡಿಂಗ್ ಪೆರಿಯಸಾಮಿ ಬಂದ. ಕಲ್ಲಿನ ಸುತ್ತ ನಾಲ್ಕು ಕಡೆ ಕಬ್ಬಿಣದ ಸರಳಿನ ಬೇಲಿ, ಅದಕ್ಕೊಂದು ಪುಟ್ಟ ಬಾಗಿಲು, ಬಾಗಿಲಿಗೆ ಬೀಗ, ಬೀಗದ ಮೇಲೆ ‘ವೀರರ ಸ್ಮಾರಕ, ಮುಟ್ಟಬಾರದು’ ಎಂಬ ಬೋರ್ಡು, ಬೀಗದ ಕೈ ಆರ್.ಎಸ್. ಪುರಂನಲ್ಲಿ ತಮ್ಮ ಬೀರುವಿನೊಳಗೆ.

ಅಂದಿನಿಂದ ನಮ್ಮ ಹಾಸುಗಳು ಪಟ್ಟ ಪಾಡನ್ನು ಬರೆದರೆ ತಮ್ಮ ನಡಿಗೆಗೆ ಇನ್ನೂ ಎರಡು ಗಂಟೆ ಸೇರಿಸಬೇಕಾದೀತು. ಲೈಟು ಕಂಬಕ್ಕೆ ಕಟ್ಟಿದೆವು. ಕರೆಂಟಿನವರು ಬಂದು ಬೈದರು. ನಿಂತ ಗಾಡಿಯೊಂದಕ್ಕೆ ಕಟ್ಟಿದೆವು. ಎತ್ತುಗಳು ಪುಣ್ಯಾತ್ಮರು, ಗಂಜಿ ಬಳಿಯುತ್ತಿದ್ದಂತೆಯೇ ಮೂರು ಮನೆ ಮುಂದಕ್ಕೆ ನಡೆದುಬಿಟ್ಟವು, ನಾಲ್ಕು ಸೀರೆಯ ನೂಲು ಹಿಂದೆ ಹಿಂದೆ. ಹದಿನಾಲ್ಕು ಮನೆಯವರು ಹಸಿ ಹಾಸನ್ನು ಹೆಣ ಹೊತ್ತ ಹಾಗೆ ಹೆಗಲ ಮೇಲೆ ಹೊತ್ತು ಪಕ್ಕದ ಬೀದಿಗೆ ಹೋಗುವುದನ್ನು ತಮ್ಮ ಜನ ಎರಡು ಶನಿವಾರ ನೋಡಿ, ಇದೂ ಯಾವುದೋ ಸತ್ಯಾಗ್ರಹವೆಂದು ಕೈಮುಗಿದರು.

ಇಷ್ಟನ್ನೂ ನಾನು ನುಂಗಿಕೊಳ್ಳುತ್ತಿದ್ದೆ. ಅಮ್ಮನ ಸೀರೆಯ ಮಾತು ಬಂದಾಗ ಮಾತ್ರ ಗಂಟಲಿನಲ್ಲಿ ಇಳಿಯಲಿಲ್ಲ. ಪ್ರತಿ ವರ್ಷ ವಿಜಯದಶಮಿಗೆ ತಾಯಿ ಚೌಡೇಶ್ವರಿಗೆ ಉಡಿಸುವ ಸೀರೆಯನ್ನು ನಮ್ಮ ಬೀದಿಯೇ ನೇಯಬೇಕು. ಮಹಾಲಯ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ, ಸರದಿ ಬಂದ ಮನೆಯ ಹೆಂಗಸು ಉಪವಾಸವಿದ್ದು, ಆ ಕಲ್ಲಿಗೇ ಹಾಸು ಕಟ್ಟಬೇಕು. ಮನೆಗಳು ಹದಿನಾಲ್ಕು, ಸರದಿ ಹದಿನಾಲ್ಕು ವರ್ಷಕ್ಕೊಮ್ಮೆ. ಕಳೆದ ಸಲ ಅತ್ತೆ ಕಟ್ಟಿದ್ದರು. ಈಗ ಅವರ ಕೈ ನಡುಗುವುದರಿಂದ ಈ ವರ್ಷ ನಾನು. ಇದು ತಪ್ಪಿದರೆ ಮುಂದಿನದು ಎರಡು ಸಾವಿರನೇ ಇಸವಿಗೆ. ಆಗ ನನಗೆ ಅರವತ್ತನಾಲ್ಕು, ಅತ್ತೆಗೆ ತೊಂಬತ್ತಾರು. “ನಿನ್ ಕೈಲಿ ಅಮ್ಮಂಗೆ ಕಟ್ಟೋದು ಒಂದ್ಸಲ ನೋಡ್ಬಿಟ್ರೆ ಸಾಕು ಕಣ್ಣು” ಎಂದು, ನನ್ನನ್ನು ಮುದ್ದಿನಿಂದ ಕಣ್ಣು ಎಂದೇ ಕರೆಯುವ ಅವರು ಬೇಸಿಗೆಯಿಂದಲೂ ಹೇಳುತ್ತಿದ್ದರು.

ಅದಕ್ಕಾಗಿಯೇ ನಾನು ತಮ್ಮ ಕಚೇರಿಯ ಮೆಟ್ಟಿಲು ಐದು ಸಲ ಹತ್ತಿದ್ದು. ಒಂದೇ ಒಂದು ಬೆಳಗಿನ ಮಟ್ಟಿಗೆ ಬೀಗ ತೆಗೆಯಿರಿ ಎಂದು ಕೇಳಿದೆ. ಸ್ಮಾರಕವನ್ನು ಆಗಸ್ಟ್ ಹದಿನೈದರಂದು ಮಾತ್ರ ತೆರೆಯಬಹುದು, ಆದ್ದರಿಂದ ನವರಾತ್ರಿಯ ವಿಷಯವನ್ನು ಪರಿಶೀಲಿಸಲಾಗುವುದು ಎಂದಿರಿ. ಇನ್ನೊಂದು ಸಲ, ಸಮಾನ ಎತ್ತರದ ಬೇರೆ ಕಲ್ಲನ್ನು ನೋಡಿಕೊಳ್ಳಬಹುದು ಎಂದಿರಿ. ನಾಲ್ಕನೆಯ ಸಲ, ಅದು ನೂಲು ಕಟ್ಟುವ ಕಲ್ಲು ಎಂಬುದಕ್ಕೆ ದಾಖಲೆ ಏನು, ತಾಮ್ರಪಟ ಇದೆಯೇ ಎಂದು ಕೇಳಿದಿರಿ. ತಮ್ಮ ನೇಣಿಗೆ ನಮ್ಮ ಅತ್ತೆಯ ಒಂದು ಆಮಾಂಗ ಸಾಕಾಯಿತು. ನನ್ನ ನೂಲಿಗೆ ತಾಮ್ರ ಬೇಕಾಯಿತು. ಆದ್ದರಿಂದ ಐದನೆಯ ಸಲ ಅತ್ತೆಯವರನ್ನೇ ಬಸ್ಸಿನಲ್ಲಿ ಕೂರಿಸಿಕೊಂಡು ಬಂದೆ. ದಾರಿಯುದ್ದಕ್ಕೂ ಪಾಠ ಹೇಳಿದೆ: “ಅತ್ತೆ, ವೀರರ ಕಲ್ಲಾ ಅಂತ ಕೇಳ್ತಾರೆ. ಏನಂತೀರ?” “ಇಲ್ಲ ಅಂತೀನಿ.” “ಇನ್ನೊಂದ್ಸಲ ಹೇಳಿ.” “ಇಲ್ಲಾಂತೀನಮ್ಮ, ನಾನೇನು ಮಗುವಾ?” ತಾವು ಎದ್ದು ಬಂದು, ಅವರಿಗೆ ಕುರ್ಚಿ ಹಾಕಿ, ಫ್ಯಾನು ಅವರ ಕಡೆಗೆ ತಿರುಗಿಸಿ, ತಗ್ಗಿದ ದನಿಯಲ್ಲಿ ಅದೇ ಪ್ರಶ್ನೆ ಕೇಳಿದಿರಿ. ಅತ್ತೆ ಕೈಮುಗಿದು “ಆಮಾಂಗ ಸಾಮಿ” ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ನಾನು ಮುಖ ತಿರುಗಿಸಿ ಕುಳಿತಿದ್ದಾಗ, “ಏನ್ ಮಾಡ್ಲಿ ಕಣ್ಣು, ಫ್ಯಾನು ಬೇರೆ ತಿರುಗ್ಸಿಬಿಟ್ಟ. ಇಲ್ಲ ಅನ್ನಕ್ಕೆ ಬಾಯೇ ಬರ್ಲಿಲ್ಲ” ಎಂದು ನನ್ನ ಮೊಣಕೈ ಸವರಿದರು. ತಮ್ಮ ಫ್ಯಾನಿನ ಗಾಳಿ ಚೆನ್ನಾಗಿದೆ ಎಂಬುದನ್ನು ಈ ಸಂದರ್ಭದಲ್ಲಿ ದಾಖಲಿಸುತ್ತೇನೆ.

ಇನ್ನು ಅಕ್ಟೋಬರ್ ನಾಲ್ಕರ ಶನಿವಾರ ನಡೆದದ್ದು. ತಮ್ಮ ನೋಟೀಸಿನಲ್ಲಿ ಅದನ್ನು ‘ಕೆಲವು ಹೆಂಗಸರು ಸ್ಮಾರಕದ ಮೇಲೆ ನಡೆಸಿದ ಕಾನೂನುಬಾಹಿರ ಬಂಡಾಯ’ ಎಂದು ಬರೆದಿದ್ದೀರಿ. ವಾರಕ್ಕೆ ಎರಡು ಬಾರಿ ಮುಷ್ಟಿ ಎತ್ತಿಸಿ ಬಂಡಾಯಕ್ಕೆ ಜೈ ಹೇಳಿಸುವವರ ಲೇಖನಿಯಲ್ಲಿ ಆ ಮಾತು ಬೈಗುಳವಾಗಿ ಬಂದದ್ದನ್ನು ಕಂಡು ನಾನು ಬೆರಗಾದೆ. ನಡೆದದ್ದು ಬಹಳ ಶಾಂತವಾದದ್ದು. ನವರಾತ್ರಿಯ ಮೊದಲ ದಿನ, ಜೊತೆಗೆ ತಮಿಳರ ಪುರಟ್ಟಾಸಿ ತಿಂಗಳಿನ ವ್ರತದ ಶನಿವಾರ, ನನಗೆ ಎರಡು ಉಪವಾಸ ಒಟ್ಟಿಗೆ. ಬೆಳಗಾಗುತ್ತಲೇ ಮಿಂದು ಮಡಿಯುಟ್ಟು ಬೇಲಿಯ ಮುಂದೆ ನಿಂತೆ. ಬೀಗ ಒಡೆಯುವುದು ಪಾಪ, ಒಡೆಯಲಿಲ್ಲ. ಆದರೆ ಪೆರಿಯಸಾಮಿ ಸಿಮೆಂಟನ್ನು ಎಲ್ಲಿ ಮಿಗಿಸಿದನೋ, ತಮ್ಮ ಬೇಲಿಯ ಕಾಲುಗಳು ಬರೀ ಮಣ್ಣಿನಲ್ಲಿದ್ದವು. ಆರು ಜನ ಹೆಂಗಸರು “ತಾಯೇ” ಎಂದು ಒಂದೇ ಉಸಿರಿಗೆ ಎತ್ತಿದರೆ, ರಾಗಿ ಮುದ್ದೆಯ ಮೇಲೆ ಮುಚ್ಚಿದ ಬುಟ್ಟಿ ಎದ್ದ ಹಾಗೆ ಬೇಲಿ ಇಡಿಯಾಗಿ ಮೇಲೆ ಬಂತು. ಬಾಗಿಲೂ ಬೀಗವೂ ಬೋರ್ಡೂ ಒಂದು ಚೂರೂ ಕೊಂಕಲಿಲ್ಲ. ಅದನ್ನು ಗೌರವದಿಂದ ಪಕ್ಕಕ್ಕಿಟ್ಟು, ಕಲ್ಲಿಗೆ ಅರಿಶಿನ ಹಚ್ಚಿ, ನಾನು ಹಗ್ಗ ತೂರಿಸಿ ಕಟ್ಟಿದೆ. ಅತ್ತೆ ಜಗುಲಿಯಲ್ಲಿ ಕುಳಿತು ನೋಡಿದರು.

ಗಂಜಿ ಬಳಿದು ಅರ್ಧ ಬೀದಿ ಬಾಚಿದ್ದೆವಷ್ಟೇ, ತಾವು ನಲವತ್ತೆರಡು ಜನರೊಂದಿಗೆ ಬಂದಿರಿ. ಬೀದಿಯುದ್ದಕ್ಕೂ ಅಮ್ಮನ ನೂಲು, ಆಚೆಗೆ ಕಲ್ಲು, ಮೇಲೆ ಪಡುವಣದಿಂದ ಮೋಡ. ಮಳೆ ಬಿದ್ದರೆ ಹಸಿ ಹಾಸು ಕೆಟ್ಟಿತು, ಹಗ್ಗ ಬಿಚ್ಚಿದರೆ ಎಳೆಗಳೆಲ್ಲ ಸಿಕ್ಕಾಗಿ ಅಲ್ಲಿಗೇ ಮುಗಿಯಿತು. ತಾವು ಮೈಕಿನಲ್ಲಿ, ಇಬ್ಬರು ಸ್ವಯಂಸೇವಕರಿಗೆ ಹಗ್ಗ ಬಿಚ್ಚುವಂತೆ ಹೇಳಿದಿರಿ. ಅವರು ಗಂಟಿಗೆ ಕೈಹಾಕಿದರು. ನಮ್ಮ ಮನೆಯವರು ಮೀಸೆ ಮುಟ್ಟಿಕೊಂಡು ನಿಂತರು. ಆಗ ತಾವು ಜನರ ಕಡೆಗೆ ತಿರುಗಿ, ಸುಳ್ಳೋ ನಿಜವೋ ಈ ಮನೆಯ ಹಿರಿಯರನ್ನೇ ಕೇಳೋಣ ಎಂದು ಜಗುಲಿಯ ಹತ್ತಿರ ಹೋಗಿ, ಮೈಕನ್ನು ಅತ್ತೆಯ ಬಾಯಿಗೆ ಹಿಡಿದು ಮೂರನೆಯ ಸಲ ಕೇಳಿದಿರಿ: “ಪಾಟಿ, ಇದು ವೀರರ ಕಲ್ಲು ತಾನೇ?”

ಅತ್ತೆ ಎದ್ದು ನಿಂತು ಸೆರಗು ಹೊದ್ದರು. ಮುಗಿಯಿತು ಎಂದುಕೊಂಡೆ. ಅವರು ನನ್ನನ್ನು ನೋಡಿದರು, ಹಗ್ಗದ ಮೇಲಿದ್ದ ಕೈಗಳನ್ನು ನೋಡಿದರು, ಮೋಡ ನೋಡಿದರು. ಆಮೇಲೆ ಮೈಕಿನಲ್ಲಿ ಬೀದಿಗೆಲ್ಲ ಕೇಳುವಂತೆ, “ಇಲ್ಲೀಂಗ ಸಾಮಿ” ಎಂದರು.

ಗೌರವದ ಆ ‘ಂಗ’ವನ್ನು ಬಿಡದೆಯೇ ಇಲ್ಲವೆಂದರು, ಮಾನ್ಯರೇ. ನನ್ನ ಕೈಯಲ್ಲಿದ್ದ ಕುಂಚ ಗಂಜಿಯೊಳಗೆ ಬಿತ್ತು. “ನೂಲ್ ಕಟ್ಟೋ ಕಲ್ಲೀಂಗ. ನಮ್ಮತ್ತೆ ಕಟ್ಟಿದ್ರು, ನಾನ್ ಕಟ್ಟಿದ್ದೆ, ಈಗ ಇವಳು. ಮಳೆ ಬರ್ತದೆ ಸಾಮಿ, ಆ ನಡುವಿನ ಕೋಲು ಜಗ್ತಾ ಇದೆ, ಕೊಂಚ ಹಿಡ್ಕೊಳ್ತೀರಾ?” ಎಂದು ಕೇಳಿದರು. ಎಂಬತ್ತೆರಡು ವರ್ಷದ ಹೆಂಗಸು ಕೈಮುಗಿದು ಕೇಳಿದರೆ ತಾವೂ ಕೊಂಗುನಾಡಿನವರೇ, ಏನು ಮಾಡುತ್ತೀರಿ? “ಸರೀಂಗಮ್ಮ” ಎಂದು ತಮ್ಮ ಬಾಯಿಂದ ಬಂದದ್ದನ್ನು ತಮ್ಮ ಮೈಕೇ ಬೀದಿಗೆ ತಿಳಿಸಿತು. ಟೊಪ್ಪಿಗೆ ಓರೆಯಾಗಿ, ಮೈಕು ಕೊರಳಿನಲ್ಲಿ ಜೋತಾಡುತ್ತ, ತಾವು ಬಿದಿರು ಕೋಲು ಹಿಡಿದು ಮುಕ್ಕಾಲು ಗಂಟೆ ನಿಂತಿರಿ. ತಮ್ಮ ನಲವತ್ತೆರಡು ಜನವೂ ಎರಡು ಸಾಲಾಗಿ ಹಿಡಿದರು. ಕನ್ನಡಕದ ಲೆಕ್ಚರರ್ ಅಮ್ಮ ಒಬ್ಬರು ಕುಂಚವನ್ನು ನನಗಿಂತ ಚೆನ್ನಾಗಿ ಆಡಿಸಿದರು. ಮಳೆ ಬೀಳುವ ಮುಂಚೆ ಹಾಸು ಒಣಗಿ ಸುತ್ತಿಯಾಯಿತು.

ಸೀರೆ ಒಂಬತ್ತು ದಿನದಲ್ಲಿ ಮಗ್ಗದಿಂದ ಇಳಿಯಿತು. ವಿಜಯದಶಮಿಯ ದಿನ ಅಮ್ಮ ಅದನ್ನು ಉಟ್ಟು ಕುಳಿತಳು. ಸೆರಗಿನ ಹತ್ತಿರ ಒಂದು ಗೇಣಿನಷ್ಟು ಜಾಗದಲ್ಲಿ ಎಳೆ ಕೊಂಚ ಬಿಗಿಯಾಗಿದೆ, ತಾವು ಹಿಡಿದಿದ್ದ ಜಾಗ ಅದು, ಮೇಷ್ಟರ ಹಿಡಿತ. ಅದನ್ನು ಬಿಡಿಸೋಣವೇ ಎಂದು ನಮ್ಮ ಮನೆಯವರು ಮಗ್ಗದಲ್ಲಿರುವಾಗಲೇ ಕೇಳಿದ್ದರು, ಇರಲಿ ಎಂದಿದ್ದೆ.

ಹೀಗಿರುವಾಗ ವಿಜಯದಶಮಿ ಕಳೆದು ಮೂರನೇ ದಿನಕ್ಕೆ ತಮ್ಮ ನೋಟೀಸು ಬಂತು. ಬೇಲಿಯನ್ನು ಮೊದಲಿನಂತೆ ನೆಡಬೇಕು, ಸಿಮೆಂಟು ಹಾಕಿ ನೆಡಬೇಕು, ತಪ್ಪೊಪ್ಪಿಕೊಂಡು ಬರೆದುಕೊಡಬೇಕು ಎಂದಿದ್ದೀರಿ. ಕಲ್ಲಿಗೆ ವರ್ಷಕ್ಕೆ ಎರಡು ದಿನ ಬಂಡಾಯ, ಉಳಿದ ದಿನ ನೂಲು ಎಂದು ಆಜ್ಞೆ ಮಾಡಿಸಿ; ಅದು ಆಗದಿದ್ದರೆ ತಮ್ಮ ವೀರರನ್ನು ದಯವಿಟ್ಟು ಲೈಟು ಕಂಬಕ್ಕೆ ವರ್ಗಾಯಿಸಿ, ಅದು ನೇಣಿಗೆ ಸಾಕಾಗುವಷ್ಟು ಎತ್ತರವೂ ಇದೆ; ಅದೂ ಆಗದಿದ್ದರೆ ಪ್ರತಿ ಹಾಸಿಗೂ ತಾವೇ ಬಂದು ಕಲ್ಲಿನ ಬದಲು ನಿಲ್ಲಬೇಕು, ಹದಿನಾಲ್ಕು ಮನೆ, ತಿಂಗಳಿಗೆ ಎರಡೆರಡು ಹಾಸು, ಅರಿಶಿನ ಕುಂಕುಮ ನಾವೇ ಹಚ್ಚುತ್ತೇವೆ. ಬೇಲಿಯನ್ನು ಮಾತ್ರ ನೆಡುವುದಿಲ್ಲ. ಈ ಮಾತನ್ನು ಬರೆಯಲು ನಾನು ಎರಡು ದಿನ ಅಭ್ಯಾಸ ಮಾಡಿದೆ, ಅತ್ತೆಯವರನ್ನು ನೋಡಿಕೊಂಡು.

ಇನ್ನೂರು ವರ್ಷದ ಬಂಡಾಯಗಳೆಲ್ಲ ತಮ್ಮ ನೋಟುಬುಕ್ಕಿನಲ್ಲಿವೆ. ನಮ್ಮ ಬೀದಿಯಲ್ಲಿ ನಿಜವಾಗಿ ನಡೆದದ್ದು ಒಂದೇ ಒಂದು, ಅದೂ ತಮ್ಮ ಮೈಕಿನಲ್ಲೇ ನಡೆದದ್ದು. ನೋಟುಬುಕ್ಕು ಆಗ ತಮ್ಮ ಜೇಬಿನಲ್ಲಿತ್ತು, ತಮ್ಮ ಎರಡೂ ಕೈ ಬಿದಿರು ಕೋಲಿನ ಮೇಲಿದ್ದವು. ಬರೆದುಕೊಳ್ಳದ ತಪ್ಪನ್ನು ಕ್ಷಮಿಸಿದ್ದೇವೆ.

ಹಾಸು ಬಿಚ್ಚಲು ಬಾರದೆ ಕಟ್ಟಲು ಮಾತ್ರ ಬಲ್ಲ,

ತಮ್ಮ ವಿಶ್ವಾಸಿ,
ಜಾನಮ್ಮ ಅಂಗಪ್ಪನ್

ತಾ.ಕ.: ಬೇಲಿ ಹಾಳಾಗಿಲ್ಲ, ಚಿಂತಿಸಬೇಡಿ. ಹಿತ್ತಿಲಿನ ತುಳಸಿಗೆ ಮೇಕೆಗಳ ಕಾಟ ಬಹಳವಿತ್ತು. ಅದರ ಮೇಲೆ ಮುಚ್ಚಿದ್ದೇವೆ, ಬೋರ್ಡಿನ ಸಮೇತ. ಬೀಗದ ಕೈ ತಮ್ಮ ಬೀರುವಿನಲ್ಲಿ ಇರುವುದರಿಂದ ಸರಳಿನ ಸಂದಿಯಲ್ಲಿ ನೀರು ಹಾಕುತ್ತಿದ್ದೇನೆ. ಪತ್ರ ಓದಿಸಿಕೊಳ್ಳಲು ಬರುವಾಗ ತಂದುಕೊಟ್ಟರೆ ಉಪಕಾರ. ಇನ್ನೊಂದು ದೂರು. ಆ ಶನಿವಾರದಿಂದ ಅತ್ತೆಯವರಿಗೆ ರುಚಿ ಹತ್ತಿಬಿಟ್ಟಿದೆ: ಕಷಾಯಕ್ಕೆ ಇಲ್ಲೀಂಗ, ಬಿಸಿನೀರಿಗೆ ಇಲ್ಲೀಂಗ, ನಿನ್ನೆ ನನ್ನ ಸಾರಿಗೂ ಇಲ್ಲೀಂಗ. ತಮ್ಮ ನಡಿಗೆಗೆ ಹನ್ನೆರಡನೆಯ ತಾಣ ಬೇಕಿದ್ದರೆ ನಮ್ಮ ಅಡುಗೆಮನೆಗೆ ಬನ್ನಿ. ಅಲ್ಲಿ ಬಂಡಾಯ ಇತ್ತು ಎಂದು ಹೇಳುವ ಕಷ್ಟ ತಮಗಿರುವುದಿಲ್ಲ, ಮೂರು ಹೊತ್ತೂ ಇದೆ.